ಭೂತಾನಿನಲ್ಲಿ ಸ್ಟಾರ್‌ಲಿಂಕ್: ಯಾರಿಗೆ ಲಾಭ, ಯಾರಿಗೆ ದಂಡ

ಥಿಂಫುವಿನಲ್ಲಿದ್ದು ಮನೆಯವರೆಗೆ ಫೈಬರ್ ಬಂದಿದ್ದರೆ ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಬೇಡ. ಲುನಾನಾ, ಲಾಯಾ, ಮೆರಾಕ್‌ನಂಥ ದೂರದ ಬೆಟ್ಟದೂರಿನ ಶಾಲೆಗೋ ಆಸ್ಪತ್ರೆಗೋ ಬೇಕಿದ್ದರೆ ಕಣ್ಣುಮುಚ್ಚಿ ತರಿಸಬಹುದು. ನಡುವೆ ಇರುವವರು ಲೆಕ್ಕ ಹಾಕಬೇಕು.

ಕಡಲಿಲ್ಲದ 32 ಅಭಿವೃದ್ಧಿಶೀಲ ದೇಶಗಳಲ್ಲಿ ಭೂತಾನ್ ಒಂದು. ಸಮುದ್ರದ ಇಂಟರ್ನೆಟ್ ಕೇಬಲ್ ಬಂದು ಮುಟ್ಟಲು ಇಲ್ಲಿ ದಡವಿಲ್ಲ. ಫುಂಟ್‌ಶೋಲಿಂಗ್ ಮತ್ತು ಗೆಲೆಫು ಗಡಿಗಳಲ್ಲಿ ಭಾರತದ ಫೈಬರ್ ಒಳಬರುತ್ತದೆ. ಬಾಗಿಲು ಎರಡಾದರೂ ಹಿಂದಿನ ದಾರಿ ಪಶ್ಚಿಮ ಬಂಗಾಳದ ಸಿಲಿಗುರಿಯ ಒಂದೇ ಇಕ್ಕಟ್ಟು ಪಟ್ಟಿ. ಗುಡ್ಡ ಕುಸಿದರೂ ಸರಿ, ರಸ್ತೆ ಅಗಲಿಸುವ ಜೆಸಿಬಿ ತಾಗಿದರೂ ಸರಿ, ತಂತಿ ತುಂಡು. ಸ್ಟಾರ್‌ಲಿಂಕ್‌ನ ಸಂಕೇತ ಸುಮಾರು 550 ಕಿ.ಮೀ. ಎತ್ತರದ ಉಪಗ್ರಹಗಳ ನಡುವೆ ಲೇಸರ್ ಮೂಲಕ ದಾಟಿ ಬೇರೆ ದೇಶದ ನೆಲಕೇಂದ್ರದಲ್ಲಿ ಇಳಿಯಬಲ್ಲದು. ಕಚೇರಿಗಳಿಗೆ ಇದು ಎರಡನೇ ದಾರಿಯಾಗಿ ಒದಗುವುದು ಇದರಿಂದಲೇ. ವೇಗ ಎರಡನೇ ಮಾತು.

2025ರ ಆರಂಭದಲ್ಲಿ ಪ್ರಕಟವಾದ ದರ: ಲೈಟ್ ಪ್ಲಾನ್ ತಿಂಗಳಿಗೆ 3,000 ನುಲ್ಟ್ರಮ್, ಸ್ಟ್ಯಾಂಡರ್ಡ್ 4,200. ನುಲ್ಟ್ರಮ್‌ಗೂ ನಮ್ಮ ರೂಪಾಯಿಗೂ ಒಂದೇ ಬೆಲೆ. ಡಿಶ್, ರೂಟರ್, ಕೇಬಲ್ ಇರುವ ಕಿಟ್‌ನ ದುಡ್ಡು ಬೇರೆ. ಕನಿಷ್ಠ ಮಟ್ಟದ ಬ್ರಾಡ್‌ಬ್ಯಾಂಡ್ ಖರ್ಚು ದೇಶದ ತಿಂಗಳ ತಲಾ ಆದಾಯದ ಶೇ. 2 ದಾಟಬಾರದೆಂಬುದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗದ ಅಳತೆ. ಅದನ್ನೇ ಒಂದು ಮನೆಗೆ ಹಿಡಿದರೆ ಲೈಟ್ ಪ್ಲಾನಿಗೇ ತಿಂಗಳಿಗೆ 1,50,000 ಸಂಪಾದನೆ ಬೇಕು. ಯಾಕ್ ಮೇಯಿಸುವ ಮನೆಗೆ ಈ ಮಾತು ಹೇಳಲಾದೀತೆ?

ಕಿಟ್ ಮಾತ್ರ ಒಳ್ಳೆಯ ಸಾಮಾನು. ಮೋಟರ್ ಇಲ್ಲದ ಈಗಿನ ಸ್ಟ್ಯಾಂಡರ್ಡ್ ಡಿಶ್ 59 × 38 ಸೆಂ.ಮೀ., ತೂಕ 2.9 ಕಿಲೊ; ಕುದುರೆಯ ಬೆನ್ನಿನ ಮೇಲೆ ಸಲೀಸಾಗಿ ಹೋಗುತ್ತದೆ. ಕೇಬಲ್ 15 ಮೀಟರ್. ತಾನೇ ತಿರುಗುವುದಿಲ್ಲವಾದ್ದರಿಂದ ಆ್ಯಪ್ ತೋರಿಸುವ ದಿಕ್ಕಿಗೆ ಕೈಯಿಂದಲೇ ಹೊಂದಿಸಬೇಕು.

ಕಷ್ಟ ಇರುವುದು ಆಕಾಶದಲ್ಲಿ. ಡಿಶ್‌ಗೆ 110 ಡಿಗ್ರಿಯಷ್ಟು ತೆರೆದ ಆಕಾಶ ಬೇಕು; ಕಿರಿದಾದ ಕಣಿವೆಯಲ್ಲಿ ಗುಡ್ಡವೇ ಅದರಲ್ಲಿ ಪಾಲು ಕೇಳುತ್ತದೆ. ಮೊಳೆ ಹೊಡೆಯುವ ಮುಂಚೆ ಡಿಶ್ ಅನ್ನು ಅಂದುಕೊಂಡ ಜಾಗದಲ್ಲಿ ಸುಮ್ಮನೆ ಇಟ್ಟು 12 ಗಂಟೆ ಓಡಿಸಿ, ಆ್ಯಪ್‌ನ ಅಡಚಣೆ ನಕ್ಷೆ ನೋಡಿ. ಒಂದು ಕೊಂಬೆ ಅಡ್ಡ ಬಂದರೂ ಉಪಗ್ರಹ ಅದರ ಹಿಂದೆ ಹೋದಾಗಲೆಲ್ಲ ಕೆಲವು ಸೆಕೆಂಡ್ ಸಂಪರ್ಕ ಹೋಗುತ್ತದೆ. ಯೂಟ್ಯೂಬ್ ಮುಂಚಿತವಾಗಿ ತುಂಬಿಕೊಂಡಿರುವುದರಿಂದ ಗೊತ್ತಾಗದು. ವಿಡಿಯೊ ಕರೆ ಮಾತ್ರ ಕಡಿಯುತ್ತದೆ. "ಸ್ಪೀಡ್ ಟೆಸ್ಟ್ ಚೆನ್ನಾಗಿದೆ, ಡಾಕ್ಟರ ಕರೆ ಮಾತ್ರ ಕಡಿಯುತ್ತಿದೆ" ಎನ್ನುವ ಕಡೆ ಮೊದಲು ಮರ ನೋಡಿ. ಅಂಗಳದ ಎತ್ತರದ ಪ್ರಾರ್ಥನಾ ಪತಾಕೆಯ ಕಂಬವನ್ನಂತೂ ಕೀಳುವಂತಿಲ್ಲ, ಡಿಶ್ ಅನ್ನೇ ಸರಿಸಬೇಕು. ತಗಡಿನ ಮಾಡಿಗೆ ತೂತು ಕೊರೆದರೆ ಸೋರುತ್ತದೆ. ಗೋಡೆಗೆ ಅಥವಾ ಮಾಡಿನ ಅಂಚಿನ ಮರಕ್ಕೆ ಬಿಗಿಯಿರಿ. ಕೇಬಲ್ಲಿನ ಪ್ಲಗ್ ಪೂರ್ತಿ ಒಳಗೆ ಕೂರದಿದ್ದರೆ ಸಂಪರ್ಕ ಬಂದುಹೋಗಿ ಮಾಡುತ್ತದೆ, ನೀರೂ ಸೇರುತ್ತದೆ.

ಕರೆಂಟಿನ ಲೆಕ್ಕ ಬಹಳ ಜನ ಮರೆಯುವಂಥದ್ದು. ಡಿಶ್, ರೂಟರ್ ಸೇರಿ 75ರಿಂದ 100 ವಾಟ್. ದಿನವಿಡೀ ಓಡಿದರೆ 1.8ರಿಂದ 2.4 ಯುನಿಟ್. 12 ವೋಲ್ಟ್ 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು; ಇನ್ವರ್ಟರ್ ತಿನ್ನುವುದನ್ನೂ ಕಳೆದರೆ ಐದರಿಂದ ಏಳು ಗಂಟೆ ಸಿಕ್ಕೀತು. ಹಿಮ ಕರಗಿಸುವ ಹೀಟಿಂಗ್ ಶುರುವಾದರೆ ಇನ್ನೂ ಕಡಿಮೆ. ಬ್ಯಾಟರಿಯ ಮೇಲಿರುವವರು ಆ್ಯಪ್‌ನಲ್ಲಿ ಅದನ್ನು ಆಫ್ ಮಾಡಿ, ಪೊರಕೆಯಿಂದ ಹಿಮ ಗುಡಿಸಿಕೊಳ್ಳುವುದೇ ವಾಸಿ. ಸೋಲಾರ್ ಒಂದನ್ನೇ ನಂಬಿದ ಕಡೆಗೆ 25–40 ವಾಟ್‌ನ ಮಿನಿ ಮಾದರಿ ಸರಿ: ತೂಕ 1.1 ಕಿಲೊ, 12 ವೋಲ್ಟ್ ಡಿಸಿ ನೇರವಾಗಿ ಕೊಡಬಹುದು.

ಮನೆಯ ಪ್ಲಾನಿನಲ್ಲಿ ಪಬ್ಲಿಕ್ ಐಪಿವಿ4, ಅಂದರೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಮಾಮೂಲಿ ಇಂಟರ್ನೆಟ್ ವಿಳಾಸ, ಸಿಗುವುದಿಲ್ಲ. ಹೊರಗಿನಿಂದ ನೇರವಾಗಿ ಸಿಸಿಟಿವಿ ನೋಡುವ ಯೋಚನೆಯಿದ್ದರೆ ಕ್ಲೌಡ್ ಕ್ಯಾಮೆರಾ ಅಥವಾ ವಿಪಿಎನ್ ಬೇಕು. ಭೂತಾನಿನ ಕಿಟ್ ಅನ್ನು ಗಡಿ ದಾಟಿಸಿ ಭಾರತದ ಕಡೆಯ ಜೈಗಾಂವ್‌ನಲ್ಲಿ ಹಚ್ಚುವ ಆಸೆಯನ್ನಂತೂ ಬಿಡಿ. ಅನುಮತಿಯಿಲ್ಲದೆ ಉಪಗ್ರಹ ಉಪಕರಣ ಬಳಸುವುದು ಭಾರತದಲ್ಲಿ ಅಪರಾಧ.