ಭಿನ್ನರಾಶಿ ಕಲಿಸಲು ಯಾವುದು: ಕಾಗದದ ಹೂವೋ, ಚೌಕಗಳ ಹೂದೋಟವೋ?

ಮೊದಲ ಸಲ ಕಲಿಸುತ್ತಿದ್ದರೆ ಕಾಗದದ ಹೂವೇ ಸರಿ. ದುಂಡಗಿನ ಕಾಗದವನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ 8 ಸಮ ಭಾಗ. ಅಂಚನ್ನು ಎಸಳಿನಂತೆ ಕತ್ತರಿಸಿ, 2 ಎಸಳಿಗೆ ಬಣ್ಣ ಹಚ್ಚಿಸಿ. 2/8 ಅಂದರೆ 1/4 ಅಂತ ಕಣ್ಣಿಗೇ ಕಾಣುತ್ತದೆ. (ಕಸ ಜಾಸ್ತಿ ಬೀಳುತ್ತದೆ, ಇರಲಿ.) ಆದರೆ 1/3, 1/5 ಬಂದರೆ ಮಡಚುವುದು ಕಷ್ಟ. ಎಸಳು ಸಮ ಇಲ್ಲದಿದ್ದರೆ ಲೆಕ್ಕವೇ ತಪ್ಪು, ಅಲ್ವಾ?

ಹೂದೋಟದಲ್ಲಿ ಆ ತೊಂದರೆ ಇಲ್ಲ. 24 ಚೌಕ ಕೊಡಿ, ಚೌಕಕ್ಕೊಂದು ಹೂವು: 1/2 ಕೆಂಪು, 1/3 ಹಳದಿ, ಉಳಿದದ್ದು ಬಿಳಿ. 12, 8, 4. ಬಿಳಿ ಎಷ್ಟನೇ ಭಾಗ ಅಂತ ಕೇಳಿ ಸುಮ್ನೆ ಕೂತರಾಯಿತು. 1/6 ಅಂತ ಅವರೇ ಹುಡುಕಿಕೊಳ್ಳುತ್ತಾರೆ. ಕೂಡಿ ಕಳೆಯುವುದಕ್ಕೆ ಇದೇ ಮೇಲು. ಆದರೆ ಹೀಗೆ ಹೂಗಳ ಗುಂಪಿನಲ್ಲಿ ಭಾಗ ಹುಡುಕುವಾಗ ಚಿಕ್ಕವರು ಎಡವುತ್ತಾರೆ. ನಾನಾದರೆ 3ನೇ ತರಗತಿಗೆ ಕಾಗದ, 5ನೇ ತರಗತಿಗೆ ಹೂದೋಟ ಕೊಡುತ್ತೇನೆ.