ವಾಗ್ರಿ ಮಾತನ್ನು ಆನ್‌ಲೈನ್‌ಗೆ ತರಲು ಯಾವ ದಾರಿ?

ಬೇಲೂರು ತಾಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಮನೆಗಳ ಮಾತು ವಾಗ್ರಿ. ಗುಜರಾತಿಗೆ ಹತ್ತಿರದ ಭಾಷೆ, ಸ್ವಂತ ಲಿಪಿ ಇಲ್ಲ. ಅಲ್ಲಿನ ಹುಡುಗರು ಇದನ್ನು ನೆಟ್‌ಗೆ ತರಬೇಕೆಂದರೆ ಎದುರಿಗೆ ಮೂರು ದಾರಿಗಳಿವೆ.

ಇನ್‌ಸ್ಟಾಗ್ರಾಂ ರೀಲ್ಸ್ ಎಲ್ಲಕ್ಕಿಂತ ಸುಲಭ. ಲಿಪಿಯ ತಲೆನೋವಿಲ್ಲ, ಜನ ಬೇಗ ನೋಡುತ್ತಾರೆ. ಆದರೆ ಅಕೌಂಟ್ ಹೋದರೆ ಮಾತೂ ಹೋಯಿತು.

ವಿಕಿಪೀಡಿಯ ಗಟ್ಟಿ, ಆದರೆ ನಿಧಾನ. ಹೊಸ ಭಾಷೆ ಮೊದಲು ಇನ್‌ಕ್ಯುಬೇಟರ್‌ನಲ್ಲಿ, ಅಂದರೆ ಹೊಸ ಭಾಷೆಗಳ ವಿಕಿಗಳನ್ನು ಪ್ರಯೋಗಕ್ಕೆ ಬೆಳೆಸುವ ತಾಣದಲ್ಲಿ, ಬೆಳೆಯಬೇಕು. ಅಷ್ಟೊಂದು ಬರಹಗಾರರಿರುವ ತುಳುವೇ ಅಲ್ಲಿ ವರ್ಷಗಟ್ಟಲೆ ಕಾದು, 2016ರಲ್ಲಿ ಸ್ವಂತ ವಿಕಿಪೀಡಿಯ ಪಡೆಯಿತು. ನಾಲ್ಕೈದು ಜನ ಬಿಡದೆ ಬರೆಯದಿದ್ದರೆ ಇದಕ್ಕೆ ಕೈ ಹಾಕುವುದು ಸುಮ್ನೆ.

ನನ್ನ ಓಟು ಮೂರನೆಯ ದಾರಿಗೆ, ಅಂದರೆ ಪದಗಳ ಉಚ್ಚಾರಣೆಯನ್ನು ರೆಕಾರ್ಡ್ ಮಾಡುವ ಲಿಂಗ್ವಾ ಲಿಬ್ರೆ ಎಂಬ ಜಾಲತಾಣಕ್ಕೆ. ಪದಗಳನ್ನು ಕನ್ನಡ ಲಿಪಿಯಲ್ಲಿ ಪಟ್ಟಿ ಮಾಡಿ ಮೈಕ್ ಆನ್ ಮಾಡಿದರೆ ಸಾಕು. ಪರದೆಯ ಮೇಲೆ ಒಂದು ಪದ ಬರುತ್ತದೆ, ಅಜ್ಜಿ ಹೇಳುತ್ತಾರೆ, ಮಾತು ನಿಂತ ಕೂಡಲೇ ರೆಕಾರ್ಡಿಂಗ್ ತಾನಾಗಿ ನಿಂತು ಮುಂದಿನ ಪದ ಬರುತ್ತದೆ. ಧ್ವನಿ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರ-ಧ್ವನಿ ಭಂಡಾರಕ್ಕೆ ಸೇರುತ್ತದೆ. ಅಜ್ಜಿಗೆ ಓದು ಬರದಿದ್ದರೆ ಮೊಮ್ಮಗ ಪಕ್ಕದಲ್ಲಿ ಕೂತು ಕೇಳಿದರಾಯಿತು, ಅಲ್ವಾ?

ಒಂದು ಎಚ್ಚರ. ಇಲ್ಲಿ ಹಾಕಿದ್ದು ಮುಕ್ತ ಪರವಾನಗಿಯಲ್ಲಿರುತ್ತದೆ. ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಕೂಡ. ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲಾಗದು. ಇದನ್ನು ಹಿರಿಯರಿಗೆ ಮೊದಲೇ ಬಿಡಿಸಿ ಹೇಳಿ. ಮರ, ಹಕ್ಕಿ, ನೆಂಟಸ್ತಿಕೆಯ ಪದಗಳು ಧಾರಾಳವಾಗಿ ಹೋಗಲಿ. ಮನೆಮಂದಿ ಹೊಟ್ಟೆಪಾಡಿಗೆ ಮಾರುವ ಕೂದಲೆಣ್ಣೆಯ ಗುಟ್ಟು ಮಾತ್ರ ಬೇಡ.