ಜಿಂಜಾ: ಹಲವು ವರ್ಷ ಬಳಸಿದ ಮೇಲೆ ಒಂದು ಖುಷಿ, ಒಂದು ಸಿಟ್ಟು

ಜಿಂಜಾ ಅಂದರೆ ಟೆಂಪ್ಲೇಟ್ ಎಂಬ ಅಚ್ಚಿನಲ್ಲಿ ಮಾಹಿತಿ ತುಂಬಿ ವೆಬ್ ಪುಟ ಮಾಡಿಕೊಡುವ ಪೈಥಾನ್ ಸಾಧನ. ಅದರ ಲೂಪ್, ಫಿಲ್ಟರ್, ಇನ್‌ಹೆರಿಟೆನ್ಸ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಉಡುಪಿಯಲ್ಲಿ ಕೂತು ಯಕ್ಷಗಾನ ಆಟಗಳ ಪಟ್ಟಿಯ ಸಣ್ಣ ಸೈಟ್ ಒಂದನ್ನು ಫ್ಲಾಸ್ಕ್ (ಪೈಥಾನಿನ ವೆಬ್ ಫ್ರೇಮ್‌ವರ್ಕ್) ಮತ್ತು ಜಿಂಜಾದಲ್ಲಿ ನಡೆಸುತ್ತಿದ್ದೇನೆ. ನಾನು ಜಿಂಜಾ ಬಿಡದಿರಲು ಒಂದೇ ಕಾರಣ. ಪುಟದ ಮೇಲೆ ಹೇಗೆ ಕಾಣಬೇಕು ಅನ್ನುವುದನ್ನು ಆಬ್ಜೆಕ್ಟೇ ಹೇಳಬಹುದು.

ಆಟದ ಕ್ಲಾಸಿಗೆ ಡಂಡರ್ ಎಚ್‌ಟಿಎಂಎಲ್ (__html__) ಮೆಥಡ್, ಅಂದರೆ ತನ್ನ ಎಚ್‌ಟಿಎಂಎಲ್ ರೂಪವನ್ನು ತಾನೇ ಕೊಡುವ ಫಂಕ್ಷನ್, ಬರೆದಿಟ್ಟಿದ್ದೇನೆ. ಟೆಂಪ್ಲೇಟಿನಲ್ಲಿ ಕರ್ಲಿ ಬ್ರಾಕೆಟ್ ನಡುವೆ ಆ ಆಬ್ಜೆಕ್ಟಿನ ಹೆಸರು ಹಾಕಿದರೆ ಸಾಕು. ಮೇಳ, ಸ್ಥಳ, ಪ್ರಸಂಗ, ಹರಕೆ ಆಟವೋ ಕಾಲಮಿತಿಯೋ ಎಂಬ ಗುರುತು, ಎಲ್ಲ ಇರುವ ಚಂದದ ಕಾರ್ಡ್ ಬರುತ್ತದೆ.

ನವೆಂಬರಿನಿಂದ ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ ಮೇಳಗಳ ತಿರುಗಾಟ ಮುಗಿಯುವ ದಿನ) ದಿನಾ ಸಂಜೆ ಚಾ ಕುಡಿಯುತ್ತಾ ಅಂದಿನ ಆಟಗಳ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಅಭ್ಯಾಸ. ಅದಕ್ಕೊಂದು ಟಿಎಕ್ಸ್‌ಟಿ ಟೆಂಪ್ಲೇಟ್ ಇದೆ. ಅಲ್ಲೂ ಬರೆದಿರುವುದು ಅದೇ ಹೆಸರು. ಆದರೆ ಟಿಎಕ್ಸ್‌ಟಿ ಫೈಲಿಗೆ ಫ್ಲಾಸ್ಕ್ ಆಟೋಎಸ್ಕೇಪ್ (ಕೋನದ ಬ್ರಾಕೆಟ್‌ನಂಥ ಚಿಹ್ನೆಗಳನ್ನು ಬ್ರೌಸರ್ ಟ್ಯಾಗ್ ಅಂದುಕೊಳ್ಳದಂತೆ ತಾನಾಗಿ ಬದಲಿಸುವುದು) ಹಾಕುವುದಿಲ್ಲ. ಹಾಗಾಗಿ ಸಾದಾ ಪಠ್ಯ ಕೊಡುವ ಡಂಡರ್ ಸ್ಟ್ರಿಂಗ್ (__str__) ಮೆಥಡ್ ಓಡುತ್ತದೆ, ಕಾರ್ಡಿನ ಬದಲು ಒಂದು ಸಾಲು ಬರುತ್ತದೆ. ಕಾಪಿ ಮಾಡು, ಕಳಿಸು, ಚಾ ಮುಗಿಸು. ಈ ಸುಖವನ್ನು ಯಾರೂ ಹೊಗಳುವುದೇ ಇಲ್ಲ.

ಇನ್ನು ಸಿಟ್ಟು. ಆಬ್ಜೆಕ್ಟಿನಲ್ಲಿ ಆ ಮೆಥಡ್ ಕಂಡರೆ ಜಿಂಜಾ ಕಣ್ಣು ಮುಚ್ಚಿ ನಂಬುತ್ತದೆ. ಅದು ಕೊಟ್ಟದ್ದನ್ನು ಎಸ್ಕೇಪ್ ಮಾಡುವುದಿಲ್ಲ. ಗೆಳೆಯನೊಬ್ಬ ಬರೆದುಕೊಟ್ಟ ಕಾರ್ಡ್ ಎಫ್-ಸ್ಟ್ರಿಂಗಿನಲ್ಲಿತ್ತು, ಅಂದರೆ ಮಾಹಿತಿಯನ್ನು ಇದ್ದ ಹಾಗೇ ಪಠ್ಯದೊಳಗೆ ಸೇರಿಸುವ ಪೈಥಾನ್ ರೀತಿಯಲ್ಲಿ. ಆಯೋಜಕರೊಬ್ಬರು ಸ್ಥಳ ಬದಲಾಗಿದೆ ಎಂದು ಇಂಗ್ಲಿಷ್‌ನಲ್ಲಿ, ಕೋನದ ಬ್ರಾಕೆಟ್ ಹಾಕಿ ಟೈಪ್ ಮಾಡಿದರು. ಬ್ರೌಸರ್ ಅದನ್ನು ಟ್ಯಾಗ್ ಅಂದುಕೊಂಡಿತು, ಸೂಚನೆ ಮಾಯ. ಕೆಲವರು ಹಳೆ ಗದ್ದೆಗೇ ಹೋಗಿ ನನಗೆ ಬೈದರು. ಎರರ್ ಇಲ್ಲ, ಲಾಗಿನಲ್ಲಿ ಒಂದು ಸಾಲಿಲ್ಲ. ಯಾರಾದರೂ ಸ್ಕ್ರಿಪ್ಟ್ ತುರುಕಿದ್ದರೆ ಅದೂ ಓಡುತ್ತಿತ್ತು, ಅಲ್ವಾ? ಸುರಕ್ಷಿತ ಎಚ್‌ಟಿಎಂಎಲ್ ಎಂದು ಗುರುತಿಸುವ ಮಾರ್ಕಪ್ ಕ್ಲಾಸಿನ ಫಾರ್ಮ್ಯಾಟ್ ಮೆಥಡ್ ಬಳಸಿದರೆ ಒಳಗೆ ಹೋಗುವ ಹೆಸರುಗಳು ತಾವಾಗಿ ಎಸ್ಕೇಪ್ ಆಗುತ್ತವೆ. ಎಫ್-ಸ್ಟ್ರಿಂಗಿಗೆ ಆ ರಕ್ಷಣೆ ಇಲ್ಲ. ನೋಡಲು ಎರಡೂ ಹೆಚ್ಚುಕಮ್ಮಿ ಒಂದೇ ತರ, ಅದೇ ಅಪಾಯ.

ಪ್ರಸಂಗ ತೀರ್ಮಾನವಾಗದಿದ್ದರೆ ಪುಟದಲ್ಲಿ ‘ನನ್’ (None, ಪೈಥಾನಿನಲ್ಲಿ ‘ಏನೂ ಇಲ್ಲ’) ಎಂದು ಅಚ್ಚಾಗುವ ಕಿರಿಕಿರಿಯೂ ಇತ್ತು. ಜಿಂಜಾ ಎನ್ವಿರಾನ್ಮೆಂಟಿನ ಫೈನಲೈಜ್‌ಗೆ (ಪುಟಕ್ಕೆ ಹೋಗುವ ಮುನ್ನ ಪ್ರತಿ ಮೌಲ್ಯವನ್ನು ಹಾಯಿಸುವ ಸೆಟ್ಟಿಂಗ್) ಒಂದು ಸಣ್ಣ ಫಂಕ್ಷನ್ ಕೊಟ್ಟೆ, ಸೈಟಿನ ಉದ್ದಕ್ಕೂ ಅದರ ಜಾಗಕ್ಕೆ ಒಂದು ಗೆರೆ ಬಂತು. ಆದರೆ ಕಾರ್ಡಿನ ಮೆಥಡ್ ಒಳಗೆ ಅದು ಇಣುಕುವುದಿಲ್ಲ, ಅಲ್ಲಿ ನೀವೇ ನೋಡಿಕೊಳ್ಳಬೇಕು. ಜಿಂಜಾದ 2022ರ 3.1 ಆವೃತ್ತಿಗೆ ಹೋಗುವವರು ಮಾರ್ಕಪ್ ಅನ್ನು ಜಿಂಜಾದಿಂದಲ್ಲ, ನೇರ ಮಾರ್ಕಪ್‌ಸೇಫ್ ಲೈಬ್ರರಿಯಿಂದ ತರಿಸಿಕೊಳ್ಳಿ. ಇಲ್ಲದಿದ್ದರೆ ಸೈಟ್ ಏಳುವುದೇ ಇಲ್ಲ.

ನನ್ನದು ಅಗ್ಗದ ಸರ್ವರ್, ಸೈಟಿನಿಂದ ಆದಾಯವೂ ಇಲ್ಲ. ದುಡ್ಡು ಕೇಳದ ಜಿಂಜಾವನ್ನು ಬದಲಿಸುವ ಯೋಚನೆ ಸದ್ಯಕ್ಕಿಲ್ಲ. ಹೊರಗಿನವರು ಟೈಪ್ ಮಾಡಿದ್ದನ್ನು ತೋರಿಸುವ ಸೈಟ್ ನಿಮ್ಮದಾಗಿದ್ದರೆ ಮಾತ್ರ, ಇವತ್ತೇ ಕೋಡ್ ತೆರೆದು ಆ ಮೆಥಡ್‌ಗಳೊಳಗೆ ಎಫ್-ಸ್ಟ್ರಿಂಗ್ ಇದೆಯಾ ಅಂತ ಹುಡುಕಿ.